ಇ-ಅಂಚೆಮನೆಯ ರಾತ್ರಿ ಪಾಳಿ

2005ರ ಜನವರಿ 15, ಶನಿವಾರ. ನ್ಯೂಯಾರ್ಕಿನ ‘ಪ್ಯಾನಿಕ್ಸ್’ ಎಂಬ ಪುಟ್ಟ ಇಂಟರ್‌ನೆಟ್ ಸಂಸ್ಥೆಯ ಗ್ರಾಹಕರಿಗೆ ಅಂದು ಇ-ಮೇಲ್ ಬರಲಿಲ್ಲ. ಸಂಸ್ಥೆಯ ಗಣಕಗಳೆಲ್ಲ ನೆಟ್ಟಗೇ ಇದ್ದವು. ವಿದ್ಯುತ್ ಇತ್ತು, ತಂಪು ಯಂತ್ರಗಳು ಓಡುತ್ತಿದ್ದವು, ಎಲ್ಲಿಯೂ ತಂತಿ ಕಡಿದಿರಲಿಲ್ಲ. ಕಳವಾಗಿದ್ದುದು ಸಂಸ್ಥೆಯ ಹೆಸರು! ‘ಪ್ಯಾನಿಕ್ಸ್ ಡಾಟ್ ಕಾಮ್’ ಎಂಬ ವಿಳಾಸದ ಒಡೆತನ, ಒಡೆಯರಿಗೇ ತಿಳಿಯದಂತೆ, ಆಸ್ಟ್ರೇಲಿಯದ ಒಂದು ನೋಂದಣಿ ಸಂಸ್ಥೆಯ ಪುಸ್ತಕಕ್ಕೆ ವರ್ಗವಾಗಿಹೋಗಿತ್ತು. ವಿಳಾಸದ ದಾಖಲೆಗಳು ಬ್ರಿಟನ್ನಿನ ಗಣಕವೊಂದಕ್ಕೆ ಹೋಗಿದ್ದವು. ಗ್ರಾಹಕರ ಅಂಚೆಯೆಲ್ಲ ಕೆನಡಾದ ಮತ್ತಾವುದೋ ಕಂಪೆನಿಯ ಕಡೆಗೆ ಹರಿಯುತ್ತಿತ್ತು. ಒಂದೇ ಕಳವಿಗೆ ಮೂರು ದೇಶ.

ಪ್ಯಾನಿಕ್ಸ್‌ನವರು ಆಸ್ಟ್ರೇಲಿಯಕ್ಕೆ ಫೋನ್ ಮಾಡಿದರು. ಅಲ್ಲಿನ ಕಚೇರಿಗೆ ವಾರಾಂತ್ಯದ ರಜೆ. ಮೆಲ್ಬರ್ನ್‌ನಲ್ಲಿ ಸೋಮವಾರ ಬೆಳಗಾಗಿ ಬಾಗಿಲು ತೆರೆದ ಮೇಲೆಯೇ ಹೆಸರು ಹಿಂದಿರುಗಿದ್ದು. ನ್ಯೂಯಾರ್ಕಿನಲ್ಲಿ ಆಗಿನ್ನೂ ಭಾನುವಾರದ ಸಂಜೆ. ಅಷ್ಟರಲ್ಲಿ ಬಂದ ಪತ್ರಗಳ ಗತಿ ಏನಾಯಿತೆಂದು ಕೇಳಿದರೆ, ಕೆಲಸದ ಸಂದರ್ಶನಕ್ಕೋ ಕಾಲೇಜಿನ ಸೀಟಿಗೋ ಇ-ಮೇಲ್ ಕಾಯುತ್ತ ಕುಳಿತ ಯಾರಿಗಾದರೂ ಎದೆ ಝಲ್ ಎನ್ನಬೇಕು.

ಈ ಕಥೆಯನ್ನು ಇಲ್ಲಿ ಹೇಳಲು ಕಾರಣವಿದೆ. ‘ಮಗಳು ಕಂಪ್ಯೂಟರ್ ಓದುತ್ತಿದ್ದಾಳೆ’ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಪ್ರೋಗ್ರಾಂ ಬರೆಯುವ ಕೆಲಸ. ಬರೆದ ಪ್ರೋಗ್ರಾಂ ಎಲ್ಲೋ ಒಂದು ಕಡೆ ಹಗಲಿರುಳೂ ಓಡುತ್ತಿರಬೇಕಲ್ಲ, ಅದನ್ನು ಓಡಿಸುತ್ತ ಕೂರುವವರು ಯಾರು? ಅವರ ಕೆಲಸ ಸರಿಯಾಗಿರುವಷ್ಟು ದಿನ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮೂರಿನ ನೀರು ಬಿಡುವ ವಾಟರ್‌ಮ್ಯಾನ್ ಇದ್ದ ಹಾಗೆ. ನಲ್ಲಿ ಬತ್ತಿದ ದಿನವೇ ಅವನ ಹೆಸರು ನೆನಪಾಗುವುದು.

ಪ್ಯಾನಿಕ್ಸ್ ಶುರುವಾದದ್ದು 1989ರಲ್ಲಿ. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಂಪರ್ಕ ಕೊಟ್ಟ ಜಗತ್ತಿನ ಅತಿ ಹಳೆಯ ಸಂಸ್ಥೆಗಳ ಪಟ್ಟಿಯಲ್ಲಿ ಅದಕ್ಕೆ ಮೂರನೆಯ ಸ್ಥಾನ ಕೊಡುವುದುಂಟು. ನಮ್ಮಲ್ಲಿ ಆಗ ‘ಅರ್ನೆಟ್’ ಯೋಜನೆಯ ಎಳೆಯ ವಯಸ್ಸು. 1986ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎಂಟು ಸಂಸ್ಥೆಗಳಿದ್ದವು. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಖಾಸಗಿಯವರಿಗೆ ಈ ವ್ಯವಹಾರದ ಬಾಗಿಲು ತೆರೆದದ್ದು 1998ರ ನವೆಂಬರಿನಲ್ಲಿ.

ಆ ಕಾಲದ ಗಣಕಗಳು ದಿನವಿಡೀ ಜಾಲದಲ್ಲಿ ಇರುತ್ತಿರಲಿಲ್ಲ. ಆಗಾಗ ಫೋನ್ ಹಚ್ಚಿ, ಕೂಡಿಟ್ಟ ಪತ್ರಗಳನ್ನು ಒಂದು ಇನ್ನೊಂದಕ್ಕೆ ದಾಟಿಸಿ ಸುಮ್ಮನಾಗುತ್ತಿದ್ದವು. ಇ-ಮೇಲ್‌ನ ಗಟ್ಟಿತನದ ಗುಟ್ಟು ಇರುವುದು ಈ ಹಳೆಯ ಬಡತನದಲ್ಲೇ ಎಂದು ನನ್ನ ಅಭಿಪ್ರಾಯ. ಗಣಕಗಳು ಪತ್ರ ದಾಟಿಸುವಾಗ ಆಡುವ ಭಾಷೆಗೆ ‘ಎಸ್‌ಎಂಟಿಪಿ’ ಎಂದು ಹೆಸರು. 1982ರಲ್ಲಿ ಜಾನ್ ಪೋಸ್ಟೆಲ್ ಅವರು ಬರೆದಿಟ್ಟ ನಿಯಮಾವಳಿ ಅದರ ಅಡಿಗಲ್ಲು. ಎದುರಿನ ಗಣಕ ಕೈಗೆ ಸಿಗದಿದ್ದರೆ ಕಳಿಸುವ ಗಣಕ ಪತ್ರವನ್ನು ಬಿಸಾಡುವಂತಿಲ್ಲ. ಸರದಿಯಲ್ಲಿ ಇಟ್ಟುಕೊಳ್ಳಬೇಕು. ಅರ್ಧ ಗಂಟೆಯಾದರೂ ಬಿಟ್ಟು ಮತ್ತೆ ಬಾಗಿಲು ತಟ್ಟಬೇಕು. ಹೀಗೆ ನಾಲ್ಕೈದು ದಿನ ತಟ್ಟಿ ನೋಡಿದ ಮೇಲೆಯೇ ‘ತಲುಪಲಿಲ್ಲ’ ಎಂದು ಬರೆದವರಿಗೆ ಹಿಂದಿರುಗಿಸಬೇಕು.

ಇದರಿಂದ ಹೊರಡುವ ಒಂದು ಸತ್ಯ ಹೊಸಬರನ್ನು ಚಕಿತಗೊಳಿಸುತ್ತದೆ. ಅಂಚೆಯ ಗಣಕ ಆರು ಗಂಟೆ ಸತ್ತು ಬಿದ್ದರೂ ಸಾಮಾನ್ಯವಾಗಿ ಒಂದು ಪತ್ರವೂ ಕಳೆಯುವುದಿಲ್ಲ. ಎದ್ದ ಕೂಡಲೇ ಊರೂರಿನ ಗಣಕಗಳು ಕಾದಿಟ್ಟದ್ದನ್ನೆಲ್ಲ ತಂದು ಸುರಿಯುತ್ತವೆ. ಆದರೆ ಅದೇ ಗಣಕ ಅರೆಜೀವವಾಗಿ ಎದ್ದು ಕುಳಿತರೆ ಅನಾಹುತ. ಗ್ರಾಹಕರ ಪಟ್ಟಿ ಇರುವ ಕಡತ ತೆರೆಯಲಾಗದೆ, ಬಂದ ಪ್ರತಿ ಪತ್ರಕ್ಕೂ ‘550, ಅಂಥವರು ಇಲ್ಲಿ ಯಾರೂ ಇಲ್ಲ’ ಎಂದು ಉತ್ತರಿಸಿತೆನ್ನಿ. 5ರಿಂದ ಶುರುವಾಗುವ ಉತ್ತರವೆಂದರೆ ಖಡಾಖಂಡಿತ ನಿರಾಕರಣೆ. ಕಳಿಸಿದವನು ಮತ್ತೆ ಪ್ರಯತ್ನಿಸುವುದಿಲ್ಲ. ಪತ್ರ ಅಲ್ಲಿಂದಲೇ ವಾಪಸು. 4ರಿಂದ ಶುರುವಾದರೆ ‘ಈಗ ಆಗುವುದಿಲ್ಲ, ಆಮೇಲೆ ಬನ್ನಿ’ ಎಂದರ್ಥ. ಮನೆಗೆ ಬೀಗ ಹಾಕಿದ್ದರೆ ಪೋಸ್ಟ್‌ಮ್ಯಾನ್ ನಾಳೆ ಬಂದಾನು. ಬಾಗಿಲಲ್ಲಿ ನಿಂತವನೇ ‘ಆ ಹೆಸರಿನವರು ಊರು ಬಿಟ್ಟರು’ ಎಂದರೆ? ಪ್ಯಾನಿಕ್ಸ್‌ನ ಹೆಸರುಗಳ್ಳತನ ಬೆದರಿಸುವುದೂ ಈ ಕಾರಣಕ್ಕೇ. ಅಲ್ಲಿ ಮನೆಗೆ ಬೀಗ ಬಿದ್ದಿರಲಿಲ್ಲ, ಬೇರೊಬ್ಬ ಬಾಗಿಲಲ್ಲಿ ಕುಳಿತಿದ್ದ. ಅನುಭವಸ್ಥರು ಅನುಮಾನ ಬಂದಾಗ ಅಂಚೆಯ ಗಣಕವನ್ನು ತಾವೇ ನಿಲ್ಲಿಸಿ, ಆಮೇಲೆ ದೋಷ ಹುಡುಕುವುದುಂಟು.

ಇನ್ನು ‘250’ ಎಂಬ ಸಂಖ್ಯೆ. ಪತ್ರ ಪೂರ್ತಿ ಬಂತು, ಒಪ್ಪಿಕೊಂಡೆ ಎಂದು ಹೇಳುವ ಉತ್ತರ ಇದು. ಇದನ್ನು ಹೇಳಿದ ಕ್ಷಣದಿಂದ ಪತ್ರದ ಹೊಣೆ ಪಡೆದವನದು. ನಂತರ ಗಣಕ ಕುಸಿಯಿತು ಎಂಬ ನೆಪ ನಡೆಯದು ಎಂದು ನಿಯಮಾವಳಿಯೇ ಹೇಳುತ್ತದೆ. ಆದ್ದರಿಂದ ಸರಿಯಾಗಿ ಬರೆದ ಅಂಚೆ ತಂತ್ರಾಂಶ ಪತ್ರವನ್ನು ಡಿಸ್ಕಿನ ಮೇಲೆ ಗಟ್ಟಿಯಾಗಿ ಬರೆದಾದ ಮೇಲೆಯೇ 250 ಎನ್ನುತ್ತದೆ. ರಿಜಿಸ್ಟರ್ಡ್ ಪತ್ರಕ್ಕೆ ಸಹಿ ಹಾಕಿ ಪಡೆದ ಹಾಗೆ. ಡೇನಿಯಲ್ ಬರ್ನ್‌ಸ್ಟೈನ್ ಬರೆದ ‘ಕ್ಯೂಮೇಲ್’, ವೀಟ್ಸ ವೆನೆಮಾ ಬರೆದ ‘ಪೋಸ್ಟ್‌ಫಿಕ್ಸ್’ ಎಂಬ ಎರಡು ತಂತ್ರಾಂಶಗಳು 1990ರ ದಶಕದ ಕೊನೆಯಲ್ಲಿ ಹೆಸರು ಮಾಡಿದ್ದು ಬಹುಮಟ್ಟಿಗೆ ಈ ಬಗೆಯ ಕಟ್ಟುನಿಟ್ಟಿನಿಂದಲೇ.

ಟವೆಲ್ ಹಾಕಿದ ಸೀಟುಗಳು

ಬರ್ನ್‌ಸ್ಟೈನ್ ಹೆಸರು ಬಂದದ್ದರಿಂದ ಪ್ಯಾನಿಕ್ಸ್‌ನ ಇನ್ನೊಂದು ಕಥೆಯನ್ನೂ ಹೇಳಿಬಿಡಬೇಕು. 1996ರ ಸೆಪ್ಟೆಂಬರ್ 6ರಂದು ಅದೇ ಸಂಸ್ಥೆಯ ಮೇಲೆ ವಿಚಿತ್ರ ದಾಳಿಯಾಯಿತು. ನಮ್ಮ ಬಸ್ ನಿಲ್ದಾಣಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೀವು ನೋಡಿದ್ದೀರಿ, ಬಹುಶಃ ಮಾಡಿಯೂ ಇದ್ದೀರಿ. ಒಬ್ಬ ಪುಂಡ ನೂರಾರು ಟವೆಲ್ ತಂದು ಬಸ್ಸಿನ ಎಲ್ಲ ಸೀಟುಗಳಿಗೂ ಹಾಕಿ ಮಾಯವಾದರೆ ಏನಾಗುತ್ತದೆ? ಹತ್ತಿದವರೆಲ್ಲ ‘ಯಾರೋ ಬರುತ್ತಾರೆ’ ಎಂದು ನಿಂತೇ ಇರುತ್ತಾರೆ, ಬಸ್ಸು ಖಾಲಿಯಾಗಿ ನಿಂತಿರುತ್ತದೆ.

ಗಣಕಗಳ ನಡುವೆ ಸಂಪರ್ಕ ಬೆಳೆಯುವುದು ಮೂರು ಮಾತಿನಲ್ಲಿ. ‘ಬರಲೇ?’ ಎಂದು ಒಂದು ಕೇಳುತ್ತದೆ. ‘ಬಾ’ ಎಂದು ಇನ್ನೊಂದು ಹೇಳಿ ಜಾಗ ಹಿಡಿದಿಡುತ್ತದೆ. ‘ಬಂದೆ’ ಎಂದು ಮೊದಲನೆಯದು ಹೇಳಿದರೆ ಮಾತುಕತೆ ಶುರು. ದಾಳಿ ಮಾಡಿದವನು ಸೆಕೆಂಡಿಗೆ 150ರಿಂದ 210ರಂತೆ ‘ಬರಲೇ?’ಗಳನ್ನು ಸುಳ್ಳು ವಿಳಾಸಗಳಿಂದ ಕಳಿಸುತ್ತಿದ್ದ. ಮೂರನೆಯ ಮಾತು ಬರಲೇ ಇಲ್ಲ. ಅಂದಿನ ಹಲವು ಗಣಕಗಳು ಇಂಥ ಬೆರಳೆಣಿಕೆಯ ಜಾಗಗಳನ್ನಷ್ಟೇ ಇಟ್ಟುಕೊಳ್ಳುತ್ತಿದ್ದವು. ಒಂದೊಂದನ್ನೂ 75 ಸೆಕೆಂಡು ಕಾಯುತ್ತಿದ್ದವು. ಲೆಕ್ಕ ನೀವೇ ಹಾಕಿ. ಪ್ಯಾನಿಕ್ಸ್‌ನ ಸೇವೆ ಹಲವು ದಿನ ಏರುಪೇರಾಯಿತು. ಈ ಬಗೆಯ ದಾಳಿಗಳಲ್ಲಿ ಜಗತ್ತಿನ ಗಮನ ಸೆಳೆದ ಮೊದಲನೆಯದು ಇದೇ ಎನ್ನುತ್ತಾರೆ.

ಅದೇ ತಿಂಗಳು ಬರ್ನ್‌ಸ್ಟೈನ್ ಒಂದು ಉಪಾಯ ಹೊಳೆಯಿಸಿದರು. ಸೀಟು ಕಾದಿಡುವುದೇ ಬೇಡ. ‘ಬರಲೇ?’ ಎಂದವನ ಕೈಗೆ ಗುಟ್ಟಿನ ಲೆಕ್ಕದಿಂದ ಬರೆದ ಒಂದು ಚೀಟಿ ಕೊಟ್ಟು ಮರೆತುಬಿಡು. ಅವನು ನಿಜವಾಗಿ ಇದ್ದರೆ ಆ ಚೀಟಿ ಹಿಡಿದು ಬರುತ್ತಾನೆ. ಆಗ ಲೆಕ್ಕ ತಾಳೆ ನೋಡಿ ಸೀಟು ಕೊಡು. ಸುಳ್ಳು ವಿಳಾಸದವನಿಗೆ ಚೀಟಿಯೇ ತಲುಪದು. ‘ಸಿನ್ ಕುಕಿ’ ಎಂಬ ಈ ಯುಕ್ತಿ ಇಂದಿನ ಲಿನಕ್ಸ್ ಗಣಕಗಳಲ್ಲೂ ಇದೆ. ಸಣ್ಣ ಸಂಸ್ಥೆಯೊಂದರ ಸಂಕಟದ ದಿನಗಳಲ್ಲಿ ಹುಟ್ಟಿದ ಮದ್ದನ್ನು ಈಗ ದೊಡ್ಡವರೂ ಸೇವಿಸುತ್ತಿದ್ದಾರೆ.

ಮೆಣಸಿನಕಾಯಿಯ ಶೀತಲಗೃಹ

ಅಂಚೆಯ ಜೊತೆಗೆ ಇಂಥ ಸಂಸ್ಥೆಗಳು ಮಾಡುವ ಇನ್ನೊಂದು ವ್ಯವಹಾರ ‘ಕೋ-ಲೊಕೇಶನ್’. ಬ್ಯಾಡಗಿಯ ಶೀತಲಗೃಹಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಣಸಿನಕಾಯಿ ರೈತನದು, ಕಟ್ಟಡ, ತಂಪು, ಕಾವಲು ಮಾಲೀಕನದು, ಚೀಲಕ್ಕಿಷ್ಟು ಬಾಡಿಗೆ. ಇಲ್ಲಿ ಗಣಕ ಗ್ರಾಹಕನದು. ಅದನ್ನಿಡುವ ಕಪಾಟು, ಎಡೆಬಿಡದ ವಿದ್ಯುತ್ತು, ತಂಪು ಗಾಳಿ, ಜಾಲದ ಸಂಪರ್ಕ ಸಂಸ್ಥೆಯದು. ಕಪಾಟಿನ ಅಗಲ 19 ಅಂಗುಲ. ಎತ್ತರವನ್ನು ಅಳೆಯುವ ಮಾನ ‘ಯು’. ಒಂದು ಯು ಎಂದರೆ ಒಂದೂಮುಕ್ಕಾಲು ಅಂಗುಲ. ಸಾಮಾನ್ಯ ಕಪಾಟಿನಲ್ಲಿ 42 ಯು ಇರುತ್ತವೆ. ಮುಂಡಿಗೆ ಹಾಸಿದಷ್ಟು ಚಪ್ಪಟೆಯಾದ ಗಣಕಗಳು ಅಲ್ಲಿ ಒಂದರ ಮೇಲೊಂದು ಮಲಗಿರುತ್ತವೆ.

ಗಣಕ ನುಂಗುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗುತ್ತದೆ ಎಂಬುದನ್ನು ಹೈಸ್ಕೂಲಿನ ವಿಜ್ಞಾನ ಪುಸ್ತಕ ಹೇಳುತ್ತದೆ. ತಲಾ 300 ವಾಟ್ ಎಳೆಯುವ 20 ಗಣಕಗಳ ಕಪಾಟು ಎಂದರೆ 6 ಕಿಲೋವಾಟ್. ಒಂದೊಂದು ಕಿಲೋವಾಟಿನ ಆರು ಹೀಟರುಗಳನ್ನು ಒಂದು ಬೀರುವಿನೊಳಗೆ ಹಚ್ಚಿಟ್ಟಂತೆ. ತಂಪು ನಿಂತರೆ ಕೋಣೆ ಕೆಲವೇ ನಿಮಿಷಗಳಲ್ಲಿ ಕಾವಲಿಯಾಗುತ್ತದೆ.

ಕರೆಂಟು ಹೋದಾಗ ಮೊದಲು ಬ್ಯಾಟರಿ, ಅದು ಬಸವಳಿಯುವ ಮುನ್ನ ಡೀಸೆಲ್ ಜನರೇಟರ್. ಕೇಳಲು ಸುಲಭ. ವಿದ್ಯಾರ್ಥಿಗಳಿಗೆ ಇಲ್ಲೊಂದು ಪುಟ್ಟ ಲೆಕ್ಕವಿದೆ. ಕಪಾಟಿಗೆ ಎರಡು ಪ್ರತ್ಯೇಕ ವಿದ್ಯುತ್ ಲೈನ್ ಕೊಟ್ಟಿದ್ದಾರೆ. ಪ್ರತಿ ಗಣಕವೂ ಎರಡಕ್ಕೂ ಜೋಡಿಸಿಕೊಂಡಿದೆ. ಎರಡೂ ಲೈನುಗಳ ಮೇಲೆ ಅವುಗಳ ಸಾಮರ್ಥ್ಯದ ಶೇ 60ರಷ್ಟು ಭಾರವಿದೆ. ಎಲ್ಲ ಕ್ಷೇಮವೇ? ಒಂದು ಲೈನು ಹೋದ ಗಳಿಗೆಯಲ್ಲಿ ಇನ್ನೊಂದರ ಮೇಲೆ ಶೇ 120 ಬಿದ್ದು ಅದೂ ಟ್ರಿಪ್ ಆಗುತ್ತದೆ. ಎರಡು ಲೈನಿಗೆ ದುಡ್ಡು ಕೊಟ್ಟು ಒಂದರ ಭದ್ರತೆಯೂ ಇಲ್ಲದ ಸ್ಥಿತಿ. ಆದ್ದರಿಂದ ತಿಳಿದವರು ಒಂದೊಂದನ್ನೂ ಅರ್ಧಕ್ಕಿಂತ ಕೆಳಗೇ ಇಡುತ್ತಾರೆ. ಗ್ರಾಹಕ ಬಂದು ‘ಇನ್ನೊಂದು ಗಣಕ ಇಡುತ್ತೇನೆ, ಜಾಗ ಖಾಲಿ ಇದೆಯಲ್ಲ’ ಎಂದಾಗ ಬರುವ ಬಾಡಿಗೆಯನ್ನು ಬಿಟ್ಟು ‘ಆಗದು’ ಎನ್ನುವುದು ಸಣ್ಣ ಸಂಸ್ಥೆಗೆ ಎಷ್ಟು ಕಷ್ಟವೆಂದು ಅಂಗಡಿ ಇಟ್ಟವರು ಬಲ್ಲರು.

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಅಪ್ಪಳಿಸಿತು. ಬ್ರಾಡ್ ಸ್ಟ್ರೀಟಿನ 75ನೇ ನಂಬರಿನ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿತು. ಅಲ್ಲಿ ‘ಪಿಯರ್ 1’ ಎಂಬ ಸಂಸ್ಥೆಯ ಗಣಕ ಕೇಂದ್ರ ಮೇಲಿನ ಮಹಡಿಯಲ್ಲಿತ್ತು. ಜನರೇಟರೂ ಮೇಲೆಯೇ, ಒಣಗಿದ ಜಾಗದಲ್ಲಿ. ಅದಕ್ಕೆ ಎಣ್ಣೆ ಏರಿಸುವ ಪಂಪು ಮಾತ್ರ ಕೆಳಗೆ, ನೀರಿನಲ್ಲಿ! ಆ ಸಂಸ್ಥೆಯ ಸಿಬ್ಬಂದಿ, ಅವರಲ್ಲಿ ಗಣಕ ಇಟ್ಟಿದ್ದ ‘ಸ್ಕ್ವೇರ್‌ಸ್ಪೇಸ್’ ಮತ್ತು ‘ಫಾಗ್ ಕ್ರೀಕ್’ ಕಂಪೆನಿಗಳವರು ಕತ್ತಲಲ್ಲಿ ಸಾಲಾಗಿ ನಿಂತು ಬಕೆಟುಗಳಲ್ಲಿ ಡೀಸೆಲ್ ತುಂಬಿ 17 ಮಹಡಿಗಳ ಮೆಟ್ಟಿಲು ಹತ್ತಿಸಿದರು. ಒಂದು ದಿನದ ಕೆಲಸವಲ್ಲ ಅದು. ಪ್ರೋಗ್ರಾಂ ಬರೆಯಲೆಂದು ಸೇರಿದ ಎಂಜಿನಿಯರುಗಳು ಸೀಮೆಎಣ್ಣೆ ಡಿಪೋದ ಹಮಾಲರಂತೆ ಬೆವರಿಳಿಸಿ ಗ್ರಾಹಕರ ಜಾಲತಾಣಗಳನ್ನು ಉಳಿಸಿಕೊಂಡರು. ಈ ಘಟನೆಯನ್ನು ಸಾಹಸವೆಂದು ಮೆಚ್ಚುವವರಿದ್ದಾರೆ, ನಾನೂ ಮೆಚ್ಚುತ್ತೇನೆ. ಆದರೂ ಪಂಪನ್ನು ನೆಲಮಾಳಿಗೆಯಲ್ಲಿ ಇಟ್ಟವರು ಯಾರು ಎಂದು ಮನಸ್ಸು ಕೇಳದೆ ಇರದು.

ಬೆಂಕಿಯ ಪಾಠ ಇನ್ನೂ ಕಠಿಣ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ‘ಓವಿಎಚ್’ ಸಂಸ್ಥೆಯ ಐದು ಅಂತಸ್ತಿನ ಗಣಕ ಕೇಂದ್ರ ಸುಟ್ಟು ಕರಕಲಾಯಿತು. ಅದೇನೂ ಸಣ್ಣ ಸಂಸ್ಥೆಯಲ್ಲ, ಯೂರೋಪಿನ ದೊಡ್ಡವುಗಳಲ್ಲೊಂದು. ಕೆಲವು ಗ್ರಾಹಕರ ಮಾಹಿತಿಯ ಜೊತೆಗೆ ಅದರ ಪ್ರತಿಯೂ ಸುಟ್ಟುಹೋಯಿತು. ಪ್ರತಿಯನ್ನು ಇಟ್ಟದ್ದು ಅದೇ ಕಟ್ಟಡದಲ್ಲಿ! ಪರೀಕ್ಷೆಗೆ ಬರೆದ ನೋಟ್ಸ್‌ನ ಜೆರಾಕ್ಸನ್ನು ಅದೇ ಬ್ಯಾಗಿನಲ್ಲಿಟ್ಟು ಬಸ್ಸಿನಲ್ಲಿ ಮರೆತು ಬಂದ ಹಾಗೆ. ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ವ್ಯವಸ್ಥೆಯನ್ನೇ ‘ಬ್ಯಾಕಪ್’ ಎಂದು ನಂಬಿದವರೂ ಇದ್ದಾರೆ. ಒಂದು ಡಿಸ್ಕು ಕೆಟ್ಟರೆ ಅದು ಕಾಪಾಡುತ್ತದೆ, ನಿಜ. ಯಾರೋ ತಪ್ಪಿ ಪತ್ರಗಳನ್ನು ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಸುತ್ತದೆ. ಬೇರೆ ಊರಿನಲ್ಲಿ ಪ್ರತಿ ಇರಬೇಕು. ವರ್ಷಕ್ಕೆರಡು ಸಲವಾದರೂ ಅದರಿಂದ ನಿಜವಾಗಿ ಪತ್ರಗಳನ್ನು ಮರಳಿ ತೆಗೆದು ನೋಡಬೇಕು. ಈ ಎರಡನೆಯದನ್ನು ಮಾಡುವವರು ಕಡಿಮೆ.

ಜಾಹೀರಾತುಗಳಲ್ಲಿ ‘ಶೇ 99.9 ಖಾತರಿ’ ಎಂದು ಕಂಡರೆ ಮಕ್ಕಳ ಕೈಗೆ ಪೆನ್ಸಿಲು ಕೊಡಿ. ವರ್ಷಕ್ಕೆ 8,760 ಗಂಟೆ. ಅದರಲ್ಲಿ ಸಾವಿರದಲ್ಲೊಂದು ಪಾಲು ಎಂದರೆ ಎಂಟೂಮುಕ್ಕಾಲು ಗಂಟೆ ಕೈಕೊಟ್ಟರೂ ಮಾತು ತಪ್ಪಿದಂತಲ್ಲ. ಇನ್ನೊಂದು 9 ಸೇರಿಸಿದರೆ 53 ನಿಮಿಷಕ್ಕೂ ಕಡಿಮೆ. ಈ ಒಂದು ಅಂಕಿಗಾಗಿ ಆಗುವ ಖರ್ಚು ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟಾದೀತು: ಇನ್ನೊಂದು ಜನರೇಟರ್, ಇನ್ನೊಂದು ಸಂಪರ್ಕ, ರಾತ್ರಿ ಎಚ್ಚರವಿರುವ ಇನ್ನೊಬ್ಬ ಮನುಷ್ಯ.

ಅಂಚೆ ಮತ್ತು ಕೋ-ಲೊಕೇಶನ್ ಎರಡನ್ನೂ ಒಂದೇ ಸೂರಿನಡಿ ನಡೆಸುವವರಿಗೆ ಒಂದು ವಿಶೇಷ ತಲೆನೋವಿದೆ. ಗಣಕಗಳ ವಿಳಾಸ ಸಂಖ್ಯೆಗಳು ಅಕ್ಕಪಕ್ಕದ ಮನೆ ನಂಬರಿನಂತೆ ಸಾಲಾಗಿರುತ್ತವೆ, 256ರ ಕಟ್ಟುಗಳಲ್ಲಿ. ಕಪಾಟು ಬಾಡಿಗೆಗೆ ಪಡೆದ ಒಬ್ಬ ಗ್ರಾಹಕ ಲಕ್ಷಗಟ್ಟಲೆ ಸ್ಪ್ಯಾಮ್ ಕಳಿಸಿದನೆನ್ನಿ. ಸ್ಪ್ಯಾಮ್ ತಡೆಯಲೆಂದು 1998ರಲ್ಲಿ ಹುಟ್ಟಿದ ‘ಸ್ಪ್ಯಾಮ್‌ಹೌಸ್’ನಂಥ ಸಂಸ್ಥೆಗಳು ಕಪ್ಪುಪಟ್ಟಿ ಇಟ್ಟಿರುತ್ತವೆ. ಪುಂಡಾಟ ನಿಲ್ಲದಿದ್ದರೆ ಆ ಕಟ್ಟು ಪೂರ್ತಿ ಪಟ್ಟಿಗೆ ಸೇರಬಹುದು. ಆಗ ಅದೇ ಬೀದಿಯಲ್ಲಿರುವ ಶಾಲೆಯ ಪತ್ರವೂ ಯಾರಿಗೂ ತಲುಪುವುದಿಲ್ಲ. ಗ್ರಾಹಕ ಕೆಟ್ಟವನೇ ಆಗಬೇಕಿಲ್ಲ. ಸುಲಭದ ಪಾಸ್‌ವರ್ಡ್ ಇಟ್ಟುಕೊಂಡವನಾದರೂ ಸಾಕು, ಕಳ್ಳರು ಅವನ ಹೆಸರಿನಲ್ಲಿ ಬೆಳಗಾಗುವುದರೊಳಗೆ ಕೆಲಸ ಮುಗಿಸಿರುತ್ತಾರೆ. ಬಾಡಿಗೆ ಸರಿಯಾಗಿ ಕೊಡುವ ಗ್ರಾಹಕನ ತಂತಿಯನ್ನು ರಾತ್ರಿ ಎರಡು ಗಂಟೆಗೆ ಕೀಳಬೇಕೇ, ಬೇಡವೇ? ಪಾಳಿಯಲ್ಲಿರುವ ಹುಡುಗನೇ ನಿರ್ಧರಿಸಬೇಕು. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸಣ್ಣವರ ಹೊಟ್ಟೆಪಾಡು ಸಲೀಸಲ್ಲ. 1996ರ ಜುಲೈ 4ರಂದು ‘ಹಾಟ್‌ಮೇಲ್’ ಪುಕ್ಕಟೆ ಇ-ಮೇಲ್ ಹಂಚಲು ಶುರು ಮಾಡಿತು. ಅದರ ಸ್ಥಾಪಕರಲ್ಲೊಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲಿ ಓದಿದವರು ಎಂಬುದು ನಮ್ಮ ಹೆಮ್ಮೆ. ಆ ಪುಕ್ಕಟೆಯ ಗಾಳಿಗೆ ದುಡ್ಡು ಪಡೆದು ಅಂಚೆ ನಡೆಸುವ ಎಷ್ಟೋ ಅಂಗಡಿಗಳು ಅಲುಗಿದ್ದೂ ಅಷ್ಟೇ ನಿಜ. ಈಗ ಹೆಚ್ಚಿನ ಅಂಚೆ ಕೆಲವೇ ದೈತ್ಯರ ಮನೆಯಲ್ಲಿ ಕೂಡಿದೆ. ನಿಯಮ ಹೇಳುವವರೂ ಅವರೇ. ಪತ್ರ ಯಾವ ಗಣಕದಿಂದ ಹೊರಡಬಹುದೆಂದು ಸಾರುವ ‘ಎಸ್‌ಪಿಎಫ್’, ಪತ್ರಕ್ಕೆ ಒತ್ತುವ ಗೂಢ ಮೊಹರು ‘ಡಿಕಿಮ್’, ಇವೆರಡೂ ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಹೇಳುವ ‘ಡಿಮಾರ್ಕ್’ ಎಲ್ಲವೂ ಇರಬೇಕು. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಗೂಗಲ್ ಇವನ್ನು 2024ರ ಫೆಬ್ರುವರಿಯಿಂದ ಕಡ್ಡಾಯ ಮಾಡಿತು. ಯಾಹೂ ಕೂಡ ಜೊತೆಗೂಡಿತು. ಪಡೆದವರು ‘ಇದು ಸ್ಪ್ಯಾಮ್’ ಎಂದು ದೂರುವ ಪ್ರಮಾಣ ಶೇ 0.3ನ್ನು ಮುಟ್ಟುವಂತಿಲ್ಲ. ಉದ್ದೇಶ ಒಳ್ಳೆಯದೇ. ಆದರೆ ಹೊಸದಾಗಿ ಅಂಚೆ ಶುರು ಮಾಡಿದ ಸಣ್ಣ ಸಂಸ್ಥೆಯ ಪತ್ರಗಳು ಎಲ್ಲ ಸರಿಯಿದ್ದರೂ ತಿಂಗಳುಗಟ್ಟಲೆ ‘ಜಂಕ್’ ಬುಟ್ಟಿಗೆ ಬೀಳುವುದುಂಟು. ಆದ್ದರಿಂದ ಪ್ರವೇಶದ ದಿನಗಳಲ್ಲಿ ತಂದೆತಾಯಂದಿರು ಮಕ್ಕಳ ಆ ಬುಟ್ಟಿಯನ್ನೂ ದಿನಕ್ಕೊಮ್ಮೆ ಕೆದಕಿ ನೋಡುವುದು ಕ್ಷೇಮ.

ಸ್ವಂತ ಹೆಸರಿನ ವಿಳಾಸ ಕೊಂಡವರಿಗೆ ಪ್ಯಾನಿಕ್ಸ್ ಪ್ರಕರಣದಿಂದ ಒಂದು ಮಾತು. ಹೆಸರನ್ನು ಬೇರೆಡೆಗೆ ವರ್ಗಾಯಿಸದಂತೆ ಬೀಗ ಹಾಕುವ ಸೌಲಭ್ಯ ನೋಂದಣಿ ಸಂಸ್ಥೆಗಳಲ್ಲಿದೆ, ಹಾಕಿಸಿಕೊಳ್ಳಿ. ನವೀಕರಣದ ಎಚ್ಚರಿಕೆ ಪತ್ರ ಬರುವ ವಿಳಾಸ ಅದೇ ಹೆಸರಿನದಾಗಿದ್ದರೆ ಬದಲಿಸಿ. ಹೆಸರೇ ಕೈತಪ್ಪಿದ ದಿನ ಆ ಎಚ್ಚರಿಕೆ ಯಾರ ಕೈಗೆ ಹೋದೀತು?

ಈ ಕೆಲಸದ ರುಚಿ ನೋಡಬೇಕೆನ್ನುವ ಪಿಯುಸಿ ಹುಡುಗ ಹುಡುಗಿಯರಿಗೆ ದೊಡ್ಡ ಬಂಡವಾಳ ಬೇಡ. ಎರಡು ಹಳೆಯ ಗಣಕ ಸಾಕು. ಎರಡರಲ್ಲೂ ಲಿನಕ್ಸ್ ಮತ್ತು ಪೋಸ್ಟ್‌ಫಿಕ್ಸ್ ಹಾಕಿ, ಎರಡೂ ಉಚಿತ. ಹೊರಗಿನ ಜಗತ್ತಿಗೆ ಪತ್ರ ಹೋಗಲಿಲ್ಲವೆಂದು ಬೇಸರಿಸಬೇಡಿ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಅಂಚೆಯ 25ನೇ ಬಾಗಿಲನ್ನು ಸ್ಪ್ಯಾಮ್ ಭಯದಿಂದ ಮುಚ್ಚಿಡುವುದು ವಾಡಿಕೆ. ಮನೆಯೊಳಗೇ ಒಂದರಿಂದ ಇನ್ನೊಂದಕ್ಕೆ ಕಳಿಸಿ ನೋಡಿ. ಆಮೇಲೆ ಎರಡನೆಯ ಗಣಕದ ಪ್ಲಗ್ ಕಿತ್ತು ಮತ್ತೊಂದು ಪತ್ರ ಬರೆಯಿರಿ. ಮೊದಲನೆಯದರಲ್ಲಿ ‘ಮೇಲ್‌ಕ್ಯೂ’ ಆಜ್ಞೆ ಕೊಟ್ಟರೆ ಪತ್ರ ಸರದಿಯಲ್ಲಿ ಕುಳಿತಿರುವುದು, ಯಾಕೆ ಕುಳಿತಿದೆ ಎಂಬ ಕಾರಣದ ಸಮೇತ, ಕಾಣುತ್ತದೆ. ಊಟ ಮುಗಿಸಿ ಬಂದು ಪ್ಲಗ್ ಮತ್ತೆ ಚುಚ್ಚಿ. ಐದು ನಿಮಿಷವೋ, ಒಂದು ಗಂಟೆಯೋ, ಸ್ವಲ್ಪ ಕಾಯಬೇಕಾದೀತು.